ಧಿಂಧಿಂ ಮೇಳಕ್ಕೆ ತಲೆದೂಗಿದ ಹಾವು

ಬಿದಿರು ದಟ್ಟವಾಗಿ ಬೆಳೆದಿದ್ದ ಒಂದು ಕಾಡಿನ ಪ್ರಾಣಿಗಳಿಗೆಲ್ಲ ಒಮ್ಮೆ ಹಾಡಿನ ಹುಚ್ಚು ಹಿಡಿಯಿತು. ಹುಚ್ಚು ಹಿಡಿಸಿದ್ದು ಧಿಂಧಿಂ ಮೇಳ. ಬಣ್ಣಪ್ಪ ಎಂಬ ನರಿ ಆ ಮೇಳದ ಯಜಮಾನ. ಹಾಡುವವನೂ ಅವನೇ, ಹಾಡು ಮುಗಿದ ಮೇಲೆ ತನ್ನನ್ನು ತಾನು ಹೊಗಳಿಕೊಳ್ಳುವವನೂ ಅವನೇ. ಮರಕುಟಿಗ ಒಣಮರ ಕುಟ್ಟುತ್ತಿತ್ತು. ಜೀರುಂಡೆಗಳು ಒಂದೇ ಸಮನೆ ಜೀರ್ ಎನ್ನುತ್ತಿದ್ದವು. ಒಂದು ಕಾಡುಕೋಣ ಮುಂಗಾಲೆತ್ತಿ ನೆಲಕ್ಕೆ ಧಿಂ ಎಂದು ಬಡಿಯುತ್ತಿತ್ತು. ನರಿ ಹಾಡುತ್ತಿದ್ದದ್ದು ಒಂದೇ ಸಾಲು. "ಬಿದಿರ ಕಾಡು ನಮ್ಮ ಕಾಡು, ಹೋಯ್ ಹೋಯ್." ಸಂಜೆಯಿಂದ ಕತ್ತಲಾಗುವವರೆಗೂ ಅದೇ ಸಾಲು, ಅದೇ ಹೋಯ್.

ಅದೇನು ಮೋಡಿಯೋ, ಎಲ್ಲರಿಗೂ ಅದು ಹಿಡಿಸಿತು. ಮೊಲಗಳು ಹುಲ್ಲು ಮೇಯುತ್ತಲೇ ಹೋಯ್ ಅಂದವು. ಜಿಂಕೆಗಳು ನೀರು ಕುಡಿಯುವಾಗ ಹೋಯ್ ಅಂದು ಮೂಗಿಗೆ ನೀರು ಹತ್ತಿಸಿಕೊಂಡವು. ಕೇಳುವುದಕ್ಕೂ ಒಂದು ಪದ್ಧತಿ ಬೆಳೆಯಿತು. ಮೇಳ ಶುರುವಾದ ಕೂಡಲೇ ಎಲ್ಲರೂ ಕಣ್ಣು ಮುಚ್ಚಬೇಕು, ತಲೆದೂಗಬೇಕು, ಮುಗಿಯುವವರೆಗೂ ಏಳಬಾರದು. ಬರುವಾಗ ಬಣ್ಣಪ್ಪನಿಗೆಂದು ಏನಾದರೂ ತಿನ್ನುವುದಕ್ಕೆ ತರಬೇಕು. ಈ ಕೊನೆಯ ಪದ್ಧತಿ ಮಾಡಿದ್ದು ಬಣ್ಣಪ್ಪನೇ ಎಂದು ಬೇರೆ ಹೇಳಬೇಕಾಗಿಲ್ಲ. ಬೇಟೆಗೆ ಹೋಗಿ ಬೆವರು ಸುರಿಸುವ ಕಷ್ಟ ಅವನಿಗೆ ಅಲ್ಲಿಗೆ ತಪ್ಪಿತು.

ಆ ಕಾಡಿನಲ್ಲಿ ಮೇಳ ಹಿಡಿಸದವರು ಇಬ್ಬರಿದ್ದರು. ಇಬ್ಬರೂ ಒಂದೇ ಬಿಲದಲ್ಲಿದ್ದರು. ಬಿಲ ತೋಡಿದವಳು ಸೂಜಕ್ಕ ಎಂಬ ಮುಳ್ಳುಹಂದಿ. ಅದರ ಒಂದು ಮೂಲೆಯಲ್ಲಿ ಸುಬ್ಬರಾಯ ಎಂಬ ನಾಗರಹಾವು ಇದ್ದ. ಹಿಂದೊಮ್ಮೆ ಮುಂಗುಸಿ ಅಟ್ಟಿಸಿಕೊಂಡು ಬಂದಾಗ ಅವನು ಗಾಬರಿಯಲ್ಲಿ ಆ ಬಿಲಕ್ಕೆ ನುಗ್ಗಿದ್ದ. ಸೂಜಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಮುಳ್ಳು ನಿಮಿರಿಸಿ ಕೂತಳು. ಮುಂಗುಸಿ ಮೂಗಿಗೆ ಚುಚ್ಚಿಸಿಕೊಂಡು ಹೋಯಿತು. ಅವತ್ತಿನಿಂದ ಸುಬ್ಬರಾಯ ಅಲ್ಲೇ ಉಳಿದುಬಿಟ್ಟ. ಇರು ಎಂದು ಅವಳೂ ಬಾಯಿಬಿಟ್ಟು ಹೇಳಲಿಲ್ಲ, ಇರಲಾ ಎಂದು ಅವನೂ ಕೇಳಲಿಲ್ಲ. ಇಬ್ಬರೂ ಹೊಂದಿಕೊಂಡರು.

ಹಾವಿಗೆ ಸಂಗೀತ ಎಂದರೆ ಪ್ರಾಣ ಎಂದು ಲೋಕವೆಲ್ಲ ನಂಬಿದೆ. ಪಾಪ, ಹಾವನ್ನು ಯಾರೂ ಕೇಳಿಲ್ಲ. ಸುಬ್ಬರಾಯನಿಗೆ ಕಿವಿ ಎಂಬುದೇ ಇರಲಿಲ್ಲ. ಯಾರಾದರೂ ಹತ್ತಿರ ನಿಂತು ಮಾತಾಡಿದರೆ, ನೆಲಕ್ಕೆ ದವಡೆ ಊರಿ ಹೇಗೋ ತಿಳಿದುಕೊಳ್ಳುತ್ತಿದ್ದ. ಹಾಡು ಮಾತ್ರ ಅವನ ಪಾಲಿಗೆ ನೆಲ ಅದುರುವುದು, ಅಷ್ಟೇ. ಕೋಣ ದೂರದಲ್ಲಿ ಕಾಲು ಬಡಿದರೂ ಹೊಟ್ಟೆಯೊಳಗೆ ಯಾರೋ ಗುದ್ದಿದಂತೆ ಆಗುತ್ತಿತ್ತು. ಸೂಜಕ್ಕನಿಗೆ ಕಿವಿ ಚೆನ್ನಾಗಿತ್ತು. ಚೆನ್ನಾಗಿ ಕೇಳಿಸಿಕೊಂಡೇ ಅವಳಿಗೆ ಹಿಡಿಸಲಿಲ್ಲ.

ಮೊದಮೊದಲು ಮೇಳ ಹೊಳೆಯಾಚೆ ನಡೆಯುತ್ತಿದ್ದುದರಿಂದ ಇವರಿಬ್ಬರಿಗೂ ಹೆಚ್ಚು ತೊಂದರೆ ಇರಲಿಲ್ಲ. ಒಂದು ದಿನ ಬಣ್ಣಪ್ಪ ಕೋಣನನ್ನು ಕರೆದುಕೊಂಡು ಬಂದು ಕಾಡಿನ ಮೂಲೆಮೂಲೆಯಲ್ಲೂ ಕಾಲು ಬಡಿಸಿ ನೋಡಿದ. ಒಂದು ದಿಬ್ಬದ ಮೇಲೆ ಬಡಿದಾಗ ಧಿಂ ಎಂಬ ಸದ್ದು ದುಂಡಗೆ, ದಪ್ಪಗೆ, ಕಾಡಿಗೆಲ್ಲ ಕೇಳುವಂತೆ ಬಂತು. ಬಣ್ಣಪ್ಪ ಹಿಗ್ಗಿಹೋದ. ಆ ದಿಬ್ಬದ ಒಳಗೆ ಟೊಳ್ಳಿತ್ತು. ಆ ಟೊಳ್ಳೇ ಸೂಜಕ್ಕನ ಮನೆ.

ಅದೇ ಸಂಜೆ ಮೇಳ ದಿಬ್ಬಕ್ಕೆ ಬಂತು. ಮೊದಲ ಧಿಂಗೆ ಸುಬ್ಬರಾಯ ತನ್ನ ಮೂಲೆಯಿಂದ ಮೇಲಕ್ಕೆ ಪುಟಿದ. ಬಿಲವೇ ಬಿತ್ತು ಎಂದುಕೊಂಡು ಹೊರಗೆ ಹಾರಿದ. ಹೊರಗೆ ಬಂದರೆ ಎದುರಿಗೇ ಕೋಣನ ಗೊರಸು. ಅದು ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು. ತನ್ನ ಮೇಲೆ ಎಲ್ಲಿ ಬೀಳುತ್ತದೋ ಎಂದು ಸುಬ್ಬರಾಯ ಹೆಡೆಯೆತ್ತಿ, ಗೊರಸಿನ ಮೇಲೇ ಕಣ್ಣು ನೆಟ್ಟು, ಅದು ಹೋದ ಕಡೆಗೆಲ್ಲ ತಲೆ ತಿರುಗಿಸಿದ. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ.

ಅದನ್ನು ಮೊದಲು ಕಂಡದ್ದು ಅರೆಗಣ್ಣು ತೆರೆದು ಕೂತಿದ್ದ ಒಂದು ಮೊಲ. "ನೋಡ್ರೋ, ನಾಗಪ್ಪ ತಲೆದೂಗ್ತಾ ಇದಾನೆ" ಎಂದಿತು. ಎಲ್ಲರೂ ಕಣ್ಣು ಬಿಟ್ಟು ನೋಡಿದರು. ನಿಜವೇ. ನಾಗರ ಹೆಡೆ ಬಿಚ್ಚಿ ತಾಳಕ್ಕೆ ಸರಿಯಾಗಿ ತೂಗುತ್ತಿದ್ದಾನೆ. ಜಿಂಕೆಗಳ ಕಣ್ಣಲ್ಲಿ ನೀರೇ ಬಂತು.

ಬಣ್ಣಪ್ಪ ಸಿಕ್ಕಿದ್ದನ್ನು ಬಿಡುವ ಪೈಕಿಯಲ್ಲ. ಹಾಡು ನಿಲ್ಲಿಸಿ ಸುಬ್ಬರಾಯನ ಮುಂದೆ ಬಂದು ತಲೆ ಬಾಗಿಸಿದ. ನಿನ್ನೆಯವರೆಗೆ ಏ ಹಾವೇ ಎಂದು ಕೂಗುತ್ತಿದ್ದವನ ನಾಲಗೆಯೇ ಬದಲಾಯಿತು.

"ಸುಬ್ಬರಾಯರೇ, ತಾವು ಹೀಗೆ ಮರೆಯಲ್ಲಿ ನಿಲ್ಲೋದು ಸರಿಯಲ್ಲ. ಹಾಡು ಅಂದ್ರೇನು ಅಂತ ಗೊತ್ತಿರೋರು ಈ ಕಾಡಲ್ಲಿ ತಾವೊಬ್ಬರೇ. ನಾಳೆಯಿಂದ ತಮ್ಮ ಜಾಗ ಮುಂದೆ, ಆ ಬಂಡೆ ಮೇಲೆ. ತಾವು ತಲೆದೂಗಿದ್ರೆ ನಮ್ಮ ಹಾಡು ಹಾಡು. ಇಲ್ಲದಿದ್ರೆ ಅಲ್ಲ."

ನನಗೆ ಹೆದರಿಕೆಯಾಗಿತ್ತು ಎಂದು ಹೇಳುವುದಕ್ಕೆ ಸುಬ್ಬರಾಯ ಬಾಯಿ ತೆರೆದ. ಆಗ ಗುಂಪಿನ ಹಿಂದೆ ಮುಂಗುಸಿ ಕಾಣಿಸಿತು. ಅದೇ ಮುಂಗುಸಿ. ಅದು ಕಣ್ಣು ಕೆಳಗೆ ಹಾಕಿ, ಮುಂಗಾಲು ಜೋಡಿಸಿಕೊಂಡು, ಎಲ್ಲರಂತೆ ಅವನಿಗೆ ಮರ್ಯಾದೆ ಕೊಟ್ಟು ನಿಂತಿತ್ತು. ಹುಟ್ಟಿದಾಗಿನಿಂದ ಸುಬ್ಬರಾಯ ಹಿಂದೆ ತಿರುಗಿ ನೋಡದೆ ಒಂದು ಮಾರೂ ಹರಿದವನಲ್ಲ. ಇನ್ನು ಮೇಲೆ ತಿರುಗಿ ನೋಡುವುದೇ ಬೇಡ ಎಂಬ ಆಸೆ ಅವನ ಒಳಗೆ ಹೊಕ್ಕಿತು. ತೆರೆದ ಬಾಯಿ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಸೂಜಕ್ಕ ಬಿಲದ ಮೇಲ್ಚಾವಣಿಗೆ ಹಸಿಮಣ್ಣು ಮೆತ್ತುತ್ತಿದ್ದಳು. ಹಿಂದಿನ ಸಂಜೆಯ ಧಿಂಗಳಿಗೆ ಒಳಗೆಲ್ಲ ಮಣ್ಣು ಉದುರಿತ್ತು. ಅವಳಿಗೆ ಒಂದು ಮರಿಯಿತ್ತು. ಹುಟ್ಟಿ ಹೆಚ್ಚು ದಿನವಾಗಿರಲಿಲ್ಲ. ಅದರ ಮುಳ್ಳುಗಳು ಇನ್ನೂ ಕೂದಲಿನಂತೆ ಮೆತ್ತಗಿದ್ದವು. ಮರಿಯ ಕಣ್ಣಿಗೆ ಬಿದ್ದ ಮಣ್ಣನ್ನು ಅವಳು ನೆಕ್ಕಿ ತೆಗೆದಳು.

"ಏನಪ್ಪಾ ಸುಬ್ಬರಾಯ, ದೊಡ್ಡ ಮನುಷ್ಯ ಆಗ್ಬಿಟ್ಟೆಯಂತೆ" ಎಂದಳು.

"ಹಂಗೇನಿಲ್ಲ ಅಕ್ಕಾ."

"ಹಿಡಿಸ್ತಾ ನಿಂಗೆ ಆ ಹಾಡು?"

ಸುಬ್ಬರಾಯ ಸುರುಳಿ ಸುತ್ತಿಕೊಂಡು ತಲೆಯನ್ನು ಒಳಗೆ ಇಟ್ಟುಕೊಂಡ. "ಏನೋ, ಜನ ಎಲ್ಲಾ ಚೆನ್ನಾಗಿದೆ ಅಂತಾರಲ್ಲ" ಎಂದ.

"ಜನ ಅನ್ನೋದು ನಂಗೂ ಕೇಳಿಸಿದೆ. ನಾನು ಕೇಳಿದ್ದು ನಿನ್ನ."

ಅವನು ತಲೆಯನ್ನು ಸುರುಳಿಯೊಳಗೆ ಇನ್ನೂ ಆಳಕ್ಕೆ ಎಳೆದುಕೊಂಡ. ಸೂಜಕ್ಕನೂ ಕೆದಕಿ ಕೇಳುವ ಪೈಕಿಯಲ್ಲ. ಮಣ್ಣು ಮೆತ್ತುವುದನ್ನು ಮುಂದುವರಿಸಿದಳು. ಹಾವಿಗೆ ಕೈಯಿಲ್ಲ, ಕಾಲಿಲ್ಲ. ಮನೆ ರಿಪೇರಿ ಏನಿದ್ದರೂ ಅವಳದ್ದೇ. ಅದಕ್ಕಾಗಿ ಅವಳು ಯಾವತ್ತೂ ಗೊಣಗಿದವಳಲ್ಲ.

ಆದರೆ ದಿನಾ ಸಂಜೆ ಮೇಳ, ದಿನಾ ಬೆಳಿಗ್ಗೆ ಮಣ್ಣು ಮೆತ್ತುವುದು. ಅವಳಿಗೆ ಆಹಾರ ಹುಡುಕಲು ಹೊತ್ತೇ ಸಾಲದಾಯಿತು. ಮರಿ ಬೆಚ್ಚಿ ಬೆಚ್ಚಿ ಏಳುತ್ತಿತ್ತು. ಒಂದು ಸಂಜೆ ಮೇಳ ಶುರುವಾಗುವ ಮೊದಲು ಅವಳು ದಿಬ್ಬ ಹತ್ತಿದಳು. ಪ್ರಾಣಿಗಳೆಲ್ಲ ಸೇರಿದ್ದವು. ಸುಬ್ಬರಾಯ ಬಂಡೆಯ ಮೇಲೆ ಕೂತಿದ್ದ.

"ಬಣ್ಣಪ್ಪ, ಮೇಳಾನ ಹಳೇ ಜಾಗಕ್ಕೇ ತಗೊಂಡ್ಹೋಗು" ಎಂದಳು ಸೂಜಕ್ಕ. "ನನ್ನ ಮನೆ ಮೇಲೆ ಕೋಣ ಕುಣಿಸಿದ್ರೆ ಮಣ್ಣು ಬೀಳುತ್ತೆ. ಮರಿ ಇದೆ ಒಳಗೆ."

ಮಾತು ಅಷ್ಟೇ. ಯಾರು ಕೇಳಿದರೂ ನ್ಯಾಯವಾದದ್ದೇ. ಅದಕ್ಕೆ ನೇರ ಉತ್ತರ ಕೊಟ್ಟರೆ ತಾನು ಸೋಲುತ್ತೇನೆ ಎಂದು ಬಣ್ಣಪ್ಪನಿಗೆ ಗೊತ್ತಿತ್ತು. ಅದಕ್ಕೇ ಅವನು ಮಾತನ್ನು ಬೇರೆ ಕಡೆಗೆ ತಿರುಗಿಸಿದ.

"ಮಣ್ಣಿನ ವಿಷಯ ಆಮೇಲೆ ಮಾತಾಡೋಣ ಸೂಜಕ್ಕ. ಮೊದಲು ಒಂದು ಹೇಳಿ. ನಮ್ಮ ಮೇಳ ನಿಮಗೆ ಹಿಡಿಸುತ್ತೋ ಇಲ್ಲವೋ?"

ಸೂಜಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಇಲ್ಲ. ಹಿಡಿಸಲ್ಲ" ಎಂದಳು.

ಗುಂಪಿನಲ್ಲಿ ಗುಸುಗುಸು ಎದ್ದಿತು. ಮೊಲ ಮುಂದೆ ಬಂತು. "ಅದೆಂಗೆ ಹಿಡಿಸಲ್ಲ? ಎಲ್ಲಾರ್ಗೂ ಹಿಡಿಸಿದ್ದು ನಿಂಗೊಬ್ಬಳಿಗೆ ಯಾಕೆ ಹಿಡಿಸಲ್ಲ?"

"ಯಾಕೆ ಅಂದ್ರೆ ಏನು ಹೇಳ್ಲಿ? ನಂಗೆ ನೆಲ್ಲಿಕಾಯಿ ಇಷ್ಟ, ನಿಂಗೆ ಆಗಲ್ಲ. ನಾನ್ಯಾವತ್ತಾದ್ರೂ ಕಾರಣ ಕೇಳಿದೀನಾ?"

"ಪೂರ್ತಿ ಕೇಳಿರಲ್ಲ ನೀನು" ಎಂದಿತು ಒಂದು ಜಿಂಕೆ.

"ದಿನಾ ನನ್ನ ತಲೆ ಮೇಲೇ ಆಡ್ತೀರಲ್ಲ, ಪೂರ್ತಿ ಕೇಳದೆ ಎಲ್ಲಿಗೆ ಹೋಗ್ಲಿ?"

"ನಮ್ಮ ಕಾಡು ಅಂತ ಹಾಡ್ತಾರೆ. ಕಾಡಿನ ಹಾಡೇ ಹಿಡಿಸಲ್ಲ ಅಂದ್ರೆ ಕಾಡೇ ಹಿಡಿಸಲ್ಲ ಅಂತ ತಾನೇ?" ಎಂದಿತು ಇನ್ನೊಂದು ಮೊಲ.

ಸೂಜಕ್ಕ ಸುಸ್ತಾದಳು. ಒಂದು ಹಾಡು ತನಗೆ ಹಿಡಿಸುವುದಿಲ್ಲ ಎಂದರೆ ಇಷ್ಟೊಂದು ಜನಕ್ಕೆ ಇಷ್ಟೊಂದು ನೋವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. "ನಿಮಗೆ ಹಿಡಿಸಿದ್ದು ತಪ್ಪು ಅಂತ ನಾನು ಹೇಳ್ಲಿಲ್ಲ. ಚೆನ್ನಾಗಿ ಕೇಳಿ. ಆದ್ರೆ ಹೊಳೆಯಾಚೆ ಕೂತ್ಕೊಂಡು ಕೇಳಿ" ಎಂದಳು.

ಆಗ ಬಣ್ಣಪ್ಪ ಬಂಡೆಯ ಕಡೆಗೆ ತಿರುಗಿದ. ಅವನ ಮುಖದಲ್ಲಿ ಬೆಣ್ಣೆಯಂಥ ನಗು.

"ವಾದ ಯಾಕೆ? ಸುಬ್ಬರಾಯರು ಇದೇ ಬಿಲದಲ್ಲಿ ಇರೋರು. ಹಾಡನ್ನೂ ಬಲ್ಲವರು. ಅವರನ್ನೇ ಕೇಳೋಣ. ರಾಯರೇ, ಬಿಲ ಭದ್ರವಾಗಿದೆ ತಾನೇ? ಮಣ್ಣು ಬೀಳೋದು ಬರೀ ನೆಪ ತಾನೇ? ನಮ್ಮ ಮೇಳ ಚೆನ್ನಾಗಿದೆ ತಾನೇ?"

ಎಲ್ಲರ ಕಣ್ಣೂ ಸುಬ್ಬರಾಯನ ಮೇಲೆ ಬಿತ್ತು. ಅವನು ಸೂಜಕ್ಕನನ್ನು ನೋಡಿದ. ಅವಳು ನಿಶ್ಚಿಂತೆಯಿಂದ ನಿಂತಿದ್ದಳು. ಇವನೊಬ್ಬನಾದರೂ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ ಎಂದು ನಂಬಿದ್ದಳು. ಹಾಗೆ ನಂಬಿದ ಮುಖವನ್ನು ನೋಡುವುದು ಅವನಿಗೆ ಕಷ್ಟವಾಯಿತು. ಕಣ್ಣು ತಪ್ಪಿಸಿದರೆ ಅಲ್ಲಿ ಮುಂಗುಸಿ ಕೂತಿತ್ತು. ಅದು ಅವನನ್ನೇ ನೋಡುತ್ತಿತ್ತು, ಕಿವಿ ನಿಮಿರಿಸಿ, ಬಾಯಿ ಚಪ್ಪರಿಸಿ. ಇಲ್ಲ ಎಂದ ಕ್ಷಣವೇ ಬಂಡೆ ತನ್ನದಲ್ಲ. ಬಂಡೆ ತನ್ನದಲ್ಲದ ಕ್ಷಣವೇ ಕುತ್ತಿಗೆಯೂ ತನ್ನದಲ್ಲ.

ಸುಬ್ಬರಾಯ ಹೆಡೆ ಬಿಚ್ಚಿ ತಲೆದೂಗಿದ. ಎಡಕ್ಕೆ, ಬಲಕ್ಕೆ.

ಅಷ್ಟೇ ಸಾಕಾಯಿತು. ಗುಂಪು ಹೋಯ್ ಎಂದಿತು. ಅಲ್ಲೇ ತೀರ್ಮಾನವೂ ಆಯಿತು. ಸೂಜಕ್ಕ ದಿನಾ ಬಂದು ಮುಂದಿನ ಸಾಲಿನಲ್ಲಿ ಕೂತು ತಲೆದೂಗಬೇಕು. ಆಗದಿದ್ದರೆ ಬಿಲ ಬಿಟ್ಟು ಹೋಗಬೇಕು.

"ತಲೆದೂಗೋಕೆ ನಂಗೆ ಬರಲ್ಲ" ಎಂದಷ್ಟೇ ಹೇಳಿ ಅವಳು ದಿಬ್ಬ ಇಳಿದಳು.

ಸೂಜಕ್ಕ ಬಿಲ ಬಿಟ್ಟು ಹೊರಡುವಾಗ ಸುಬ್ಬರಾಯ ಬಾಗಿಲಲ್ಲೇ ಇದ್ದ. ಸುಡುಬೇಸಿಗೆ. ಕಲ್ಲುಗುಡ್ಡದ ಕಡೆಗೆ ಹೋಗುವ ದಾರಿಯಲ್ಲಿ ನೆರಳಿಗೆ ಒಂದು ಪೊದೆಯೂ ಇರಲಿಲ್ಲ. ಮರಿ ಅಮ್ಮನ ಹಿಂದೆ ಎಡವುತ್ತಾ ಬಂತು. ಹೋಗಬೇಡ ಎಂದು ಹೇಳುವ ಮುಖ ಅವನಿಗಿರಲಿಲ್ಲ. "ಜೋಪಾನ ಅಕ್ಕಾ" ಎಂದ.

"ಚಾವಣಿ ನೋಡ್ಕೋ. ದಿನಾ ಮಣ್ಣು ಮೆತ್ತದಿದ್ರೆ ಅದು ನಿಲ್ಲಲ್ಲ" ಎಂದಳು ಅವಳು. ಆಮೇಲೆ ಅವನ ಕೈಯಿಲ್ಲದ ಮೈಯನ್ನು ಒಮ್ಮೆ ನೋಡಿದಳು. ಮರಿಯನ್ನು ಮುಂದೆ ಬಿಟ್ಟುಕೊಂಡು ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಸುಬ್ಬರಾಯನಿಗೆ ಅನ್ನಿಸಿತು.

ಅಲ್ಲಿಂದ ಮುಂದೆ ಅವನದು ಒಳ್ಳೆಯ ಕಾಲ ಎಂದು ಕಾಡೆಲ್ಲ ಹೊಟ್ಟೆಕಿಚ್ಚು ಪಟ್ಟಿತು. ಕೂರುವುದಕ್ಕೆ ಬಂಡೆ. ತಿನ್ನುವುದಕ್ಕೆ ಮೊಟ್ಟೆ, ಬಣ್ಣಪ್ಪನ ಪಾಲಿನಲ್ಲಿ ಒಂದು ತುಣುಕು. ಎದುರಿಗೆ ಸಿಕ್ಕವರೆಲ್ಲ ದಾರಿ ಬಿಡುತ್ತಿದ್ದರು. ಹಾಡು ಮುಗಿದಾಗಲೆಲ್ಲ ಗುಂಪು ಅವನ ಕಡೆಗೆ ತಿರುಗುತ್ತಿತ್ತು. ಅವನು ತೂಗಿದರೆ ಮಾತ್ರ ಭಲೇ ಅನ್ನುತ್ತಿತ್ತು. ಅವನು ತೂಗದೇ ಇದ್ದದ್ದು ಒಮ್ಮೆಯೂ ಇಲ್ಲ. ಹೊಟ್ಟೆಯೊಳಗೆ ಗುದ್ದು ಬೀಳುತ್ತಿದ್ದರೂ ತೂಗಿದ. ತಿಂದ ಮೊಟ್ಟೆ ಬಾಯಿಗೆ ಬರುತ್ತಿದ್ದರೂ ತೂಗಿದ. ಮೇಳ ಮುಗಿದ ಮೇಲೆ ಖಾಲಿ ಬಿಲಕ್ಕೆ ಬಂದು ತನ್ನ ಮೂಲೆಯಲ್ಲಿ ಸುರುಳಿ ಸುತ್ತಿಕೊಳ್ಳುತ್ತಿದ್ದ. ಮಲಗಿದರೆ ಮೈಮೇಲೆ ಮಣ್ಣು ಉದುರುತ್ತಿತ್ತು.

ಒಮ್ಮೆ ಒಂದು ಆಮೆ ಅವನ ಹತ್ತಿರ ಬಂತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆಲ್ಲಗೆ ಹೇಳಿತು.

"ರಾಯರೇ, ತಪ್ಪು ತಿಳೀಬೇಡಿ. ನಂಗೆ ಈ ಮೇಳ ಅಂದ್ರೆ ತಲೆನೋವು ಬರುತ್ತೆ. ಚಿಪ್ಪೊಳಗೆ ತಲೆ ಎಳ್ಕೊಂಡ್ರೂ ಬಿಡಲ್ಲ. ಸೂಜಕ್ಕ ಹಿಡಿಸಲ್ಲ ಅಂದಾಗ, ಹೌದು ನಂಗೂ ಅಂತ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವು ತಲೆದೂಗಿದ್ರಿ. ತಿಳಿದೋರು ತೂಗ್ತಾರೆ ಅಂದ್ಮೇಲೆ ದೋಷ ನಂದೇ ಇರಬೇಕು ಅಂತ ಸುಮ್ನಾದೆ. ಹೇಳಿಕೊಡಿ ರಾಯರೇ, ಈ ಹಾಡಲ್ಲಿ ಏನು ಕೇಳಬೇಕು?"

ಆಮೆಯ ಮುಖ ನೋಡಿ ಸುಬ್ಬರಾಯನಿಗೆ ನಾಚಿಕೆಯಾಯಿತು. ನಿಜ ಹೇಳಿಬಿಡಲೇ ಅಂದುಕೊಂಡ. ಹೇಳಿದರೆ ಆಮೆ ಇನ್ನೊಬ್ಬರಿಗೆ ಹೇಳುತ್ತದೆ, ಆ ಇನ್ನೊಬ್ಬರು ಮುಂಗುಸಿಗೆ ಹೇಳುತ್ತಾರೆ. "ಕೇಳ್ತಾ ಕೇಳ್ತಾ ಅಭ್ಯಾಸ ಆಗುತ್ತೆ" ಎಂದ. ಆಮೆ ತಲೆ ತಗ್ಗಿಸಿಕೊಂಡು ಹೋಯಿತು. ಪಾಪದ್ದು, ಆವತ್ತಿನಿಂದ ಅದು ಎಲ್ಲರಿಗಿಂತ ಜೋರಾಗಿ ತಲೆದೂಗಲು ಶುರುಮಾಡಿತು.

ದಿನ ಕಳೆದಂತೆ ಬಣ್ಣಪ್ಪನ ಆಸೆಯೂ ಬೆಳೆಯಿತು. ಪಕ್ಕದ ಕಾಡಿನವರೂ ಹಾಡು ಕೇಳಲು ಬರುತ್ತಾರೆ, ಬರುವಾಗ ಕೈತುಂಬ ತರುತ್ತಾರೆ ಎಂದು ಸುದ್ದಿ ಬಂತು. ಒಂದು ಕೋಣ ಸಾಲದು, ಹಿಂಡನ್ನೇ ಕುಣಿಸುತ್ತೇನೆ ಎಂದು ಅವನು ಹೇಳಿಕೊಂಡು ತಿರುಗಿದ. ಆ ದೊಡ್ಡ ಮೇಳದ ದಿನ ಮಧ್ಯಾಹ್ನ ಸುಬ್ಬರಾಯ ಬಿಲದಲ್ಲಿ ಮಲಗಿದ್ದ. ಹೊಟ್ಟೆಗೆ ನೆಲದ ಅಲುಗಾಟ ತಾಗಿತು. ಇದು ಗೊರಸಿನ ಬಡಿತವಲ್ಲ. ಮಣ್ಣು ತನ್ನಷ್ಟಕ್ಕೆ ತಾನೇ ಸರಿಯುತ್ತಿತ್ತು. ತಲೆಯೆತ್ತಿ ನೋಡಿದರೆ ಚಾವಣಿಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೂ ಬಿರುಕು. ಸೂಜಕ್ಕ ಹೋದ ಮೇಲೆ ಅಲ್ಲಿಗೆ ಒಂದು ಹಿಡಿ ಮಣ್ಣೂ ಬಿದ್ದಿರಲಿಲ್ಲ.

ಅವನು ಬಣ್ಣಪ್ಪನ ಬಳಿಗೆ ಓಡಿದ. "ಇವತ್ತು ದಿಬ್ಬದ ಮೇಲೆ ಮೇಳ ಬೇಡ. ಬಿಲ ಬಿರುಕು ಬಿಟ್ಟಿದೆ. ನೆಲ ಕುಸಿಯುತ್ತೆ."

ಬಣ್ಣಪ್ಪ ಬಾಲ ನೆಕ್ಕಿಕೊಂಡು ಸಿಂಗಾರ ಮಾಡಿಕೊಳ್ಳುತ್ತಿದ್ದ. ತಲೆ ಎತ್ತದೆಯೇ ನಕ್ಕ.

"ಇದೇನು ರಾಯರೇ, ಸೂಜಕ್ಕನ ಹಾಗೆ ಮಾತಾಡ್ತೀರಿ? ಅವತ್ತು ಎಲ್ಲರ ಮುಂದೆ ಬಿಲ ಭದ್ರವಾಗಿದೆ ಅಂತ ತಲೆದೂಗಿದೋರು ಯಾರು?"

"ಅವತ್ತು ನಾನು ಸುಳ್ಳು ಹೇಳಿದೆ."

"ಗೊತ್ತು" ಎಂದ ಬಣ್ಣಪ್ಪ ತಣ್ಣಗೆ. "ನಿಮಗೆ ಕಿವಿಯಿಲ್ಲ ಅನ್ನೋದೂ ಗೊತ್ತು. ನೀವು ಗೊರಸಿಗೆ ಹೆದರಿ ತಲೆ ತಿರುಗಿಸಿದ್ದು ಅನ್ನೋದೂ ಮೊದಲ ದಿನವೇ ಗೊತ್ತಿತ್ತು. ನಂಗೆ ಬೇಕಾಗಿದ್ದು ನಿಮ್ಮ ಕಿವಿಯಲ್ಲ, ನಿಮ್ಮ ಹೆಡೆ. ಹೋಗಿ ಬಂಡೆ ಮೇಲೆ ಕೂತ್ಕೊಳ್ಳಿ. ಒಂದು ಸಂಜೆ ತಡೆಯುತ್ತೆ ನೆಲ."

ಸಂಜೆ ದಿಬ್ಬದ ಸುತ್ತ ಕಾಲಿಡಲು ಜಾಗವಿರಲಿಲ್ಲ. ಕೋಣಗಳ ಹಿಂಡು ಬಂತು. ಬಣ್ಣಪ್ಪ ದಿಬ್ಬದ ನಡುಮಧ್ಯೆ ನಿಂತು ಹೋಯ್ ಎಂದ. ಎಲ್ಲರೂ ಪದ್ಧತಿಯಂತೆ ಕಣ್ಣು ಮುಚ್ಚಿದರು. ಹಿಂಡು ಒಟ್ಟಿಗೇ ಕಾಲೆತ್ತಿ ಬಡಿಯಿತು.

ಸುಬ್ಬರಾಯನ ಹೊಟ್ಟೆಗೆ ಬಿರುಕು ಬಾಯಿ ಬಿಡುವುದು ತಿಳಿಯಿತು. ಅವನು ಬಂಡೆಯಿಂದ ಇಳಿದು ಗುಂಪಿನೊಳಗೆ ನುಗ್ಗಿದ. "ಎದ್ದೇಳಿ, ನೆಲ ಕುಸೀತಿದೆ" ಎಂದು ಕೂಗಿದ. ಆ ಗದ್ದಲದಲ್ಲಿ ಹಾವಿನ ಕೂಗು ಯಾರಿಗೆ ಕೇಳಬೇಕು? ಜೋರಾಗಿ ಬುಸುಗುಟ್ಟಿದ. ನೆಲಕ್ಕೆ ತಲೆ ಬಡಿದುಕೊಂಡ. ಒಂದು ಜಿಂಕೆ ಅರೆಗಣ್ಣು ತೆರೆದು ನೋಡಿ ಪಕ್ಕದವರನ್ನು ತಿವಿಯಿತು. "ನೋಡು, ರಾಯರು ಮೈಮರೆತುಬಿಟ್ಟಿದ್ದಾರೆ. ಇಂಥಾ ಮೇಳ ಹಿಂದೆಂದೂ ಆಗಿಲ್ಲ." ಕೇಳಿದವರೆಲ್ಲ ಇನ್ನೂ ಜೋರಾಗಿ ತಲೆದೂಗಿದರು. ಅವನು ಒದ್ದಾಡಿದಷ್ಟೂ ಅವರು ತೂಗಿದರು.

ಧಿಂ ಎಂದಿತು. ಮತ್ತೆ ಧಿಂ ಎಂದಿತು. ಆಮೇಲೆ ದಿಬ್ಬ ಬಾಯಿ ತೆರೆಯಿತು.

ಬಣ್ಣಪ್ಪ ಹೋಯ್ ಎನ್ನುತ್ತಲೇ ಒಳಗೆ ಹೋದ. ಅವನ ಹಿಂದೆಯೇ ಒಂದು ಕೋಣ ಜಾರಿ ಅವನ ಮೇಲೆ ಕೂತಿತು. "ಅಯ್ಯೋ, ಕಾಲು ಮುರೀತು, ತೆಗೀರಪ್ಪಾ" ಎಂದು ಬಣ್ಣಪ್ಪ ಗುಂಡಿಯೊಳಗಿಂದ ಅರಚಿದ. ಆ ಟೊಳ್ಳಿನಲ್ಲಿ ಅವನ ದನಿ ಎಂದಿಗಿಂತ ದುಂಡಗೆ ಬಂತು. ಗುಂಪಿಗೆ ಹೊಸ ಸಾಲು ಕೇಳಿದ ಖುಷಿಯಾಯಿತು. ಕಣ್ಣು ಮುಚ್ಚಿಕೊಂಡೇ ಭಲೇ ಅಂದರು. ಬಣ್ಣಪ್ಪ ಇನ್ನೂ ಅರಚಿದ. ಅವರು ಇನ್ನೂ ತೂಗಿದರು. ಹಾಡು ಮುಗಿಯುವವರೆಗೂ ಏಳಬಾರದು ಎಂಬ ಪದ್ಧತಿಯನ್ನು ಅವನ ಮೇಳವೇ ಕಲಿಸಿತ್ತು. ಕಲಿತವರು ತಪ್ಪಲಿಲ್ಲ.

ದೂಳು ಮೂಗಿಗೆ ಹೊಕ್ಕು ಸೀನು ಬಂದ ಮೇಲೆಯೇ ಅವರು ಕಣ್ಣು ಬಿಟ್ಟದ್ದು. ಅಷ್ಟರಲ್ಲಿ ಬಣ್ಣಪ್ಪನ ಹಿಂಗಾಲುಗಳೆರಡೂ ನಜ್ಜುಗುಜ್ಜಾಗಿದ್ದವು. ಗಂಟಲಿಗೆ ಮಣ್ಣು ತುಂಬಿ ದನಿ ಕಟ್ಟಿಹೋಗಿತ್ತು. ಹೊರಗೆ ಎಳೆದು ಹಾಕಿದಾಗ ಅವನ ಬಾಯಿಂದ ಗೊರಗೊರ ಎಂಬುದರ ಹೊರತು ಏನೂ ಬರಲಿಲ್ಲ. ಅದು ಮತ್ತೆ ಯಾವತ್ತೂ ಸರಿಹೋಗಲಿಲ್ಲ. ತಿರುಗಾಡಲಾರದ, ಕೂಗಲಾರದ ನರಿಗೆ ತಿನ್ನುವುದಕ್ಕೆ ತಂದುಕೊಡುವ ಪದ್ಧತಿ ಆ ಕಾಡಿನಲ್ಲಿರಲಿಲ್ಲ.

ಅಲ್ಲೇ ನಿಂತು ಎಲ್ಲರೂ ಮಾತಾಡಿಕೊಂಡರು.

"ನಂಗೇನು ಆ ಮೇಳ ಮೊದಲಿಂದ್ಲೂ ಅಷ್ಟಕ್ಕಷ್ಟೇ" ಎಂದಿತು ಮೊಲ.

"ಒಂದೇ ಸಾಲು, ಎಷ್ಟು ಸಲ ಕೇಳೋದು? ನಾನು ಸುಮ್ನೆ ಬರ್ತಿದ್ದೆ" ಎಂದಿತು ಜಿಂಕೆ.

ಹೀಗೆ ಒಬ್ಬೊಬ್ಬರೇ ಕೈ ತೊಳೆದುಕೊಂಡರು. ಕತ್ತಲಾಗುವ ಹೊತ್ತಿಗೆ ಆ ಮೇಳ ಹಿಡಿಸಿದ್ದವರು ಇಡೀ ಕಾಡಿನಲ್ಲಿ ಒಬ್ಬರೂ ಉಳಿಯಲಿಲ್ಲ. ಹಿಡಿಸಲ್ಲ ಎಂದು ಹೇಳಿದ್ದವಳನ್ನು ಓಡಿಸಿದೆವಲ್ಲ ಎಂದು ನೆನೆಸಿಕೊಂಡವರೂ ಒಬ್ಬರಿಲ್ಲ. ಆಮೆ ಮಾತ್ರ ಸುಬ್ಬರಾಯನನ್ನು ದಿಟ್ಟಿಸಿ ನೋಡಿತು.

"ನೀನು ತೂಗಿದ್ದಕ್ಕೆ ನಾವು ತೂಗಿದ್ದು" ಎಂದಿತು. ಈಗ ಅದು ರಾಯರೇ ಅನ್ನಲಿಲ್ಲ.

"ಹೌದು ಹೌದು, ಇವನಿಂದಲೇ ಎಲ್ಲಾ" ಎಂದು ಉಳಿದವರು ದನಿಗೂಡಿಸಿದರು. ಗುಂಪಿನ ಹಿಂದೆ ಮುಂಗುಸಿ ಜೋಡಿಸಿದ್ದ ಕಾಲುಗಳನ್ನು ಬಿಡಿಸಿ ಮೈ ಕೊಡವಿತು.

ಸುಬ್ಬರಾಯ ಬಿದಿರಿನ ಬುಡಗಳ ನಡುವೆ ನುಸುಳಿ, ಬಾಲದ ತುದಿ ಕಚ್ಚಿಸಿಕೊಂಡು, ಹೇಗೋ ಜೀವ ಉಳಿಸಿಕೊಂಡ. ಹೋಗುವುದಕ್ಕೆ ಅವನಿಗೆ ಲೋಕದಲ್ಲಿ ಒಂದೇ ಜಾಗ ಹೊಳೆಯಿತು. ಕಲ್ಲುಗುಡ್ಡದ ಕಡೆಗೆ ಹರಿದ.

ಬಿಸಿಲು ಏರುವ ಹೊತ್ತಿಗೆ ಒಂದು ಬಂಡೆಯ ಸಂದಿಯಲ್ಲಿ ಸೂಜಕ್ಕ ಕಂಡಳು. ತುಂಬಾ ಬಡವಾಗಿದ್ದಳು. ಗಟ್ಟಿ ನೆಲ ತೋಡಿ ತೋಡಿ ಉಗುರು ಸವೆದಿದ್ದವು. ಅಷ್ಟು ತೋಡಿದರೂ ಬಿಲ ಅವಳೊಬ್ಬಳು ಹಿಡಿಯುವಷ್ಟೇ ಆಗಿತ್ತು. ಸುಬ್ಬರಾಯ ಆಚೀಚೆ ನೋಡಿದ.

"ಮರಿ ಎಲ್ಲಿ ಅಕ್ಕಾ?"

"ದಾರಿಯಲ್ಲಿ ಚಿರತೆ ಬಂತು" ಎಂದಳು ಸೂಜಕ್ಕ. "ನಾನು ಬೆನ್ನು ಕೊಟ್ಟು ನಿಂತೆ. ಅದು ಸುತ್ತು ಹಾಕಿ ಬಂತು. ಮರಿಯ ಮುಳ್ಳು ಇನ್ನೂ ಗಟ್ಟಿಯಾಗಿರ್ಲಿಲ್ಲ."

ಬಿಸಿ ಬಂಡೆಗೆ ಹೊಟ್ಟೆ ಸುಡುತ್ತಿದ್ದರೂ ಸುಬ್ಬರಾಯ ಅಲುಗದೆ ಇದ್ದ. ಮೇಳ ಮುಳುಗಿದ್ದನ್ನು, ಬಣ್ಣಪ್ಪನ ಗತಿಯನ್ನು ಹೇಳಿದ. ಅವಳಿಗೆ ಸ್ವಲ್ಪವಾದರೂ ಸಮಾಧಾನವಾದೀತು ಎಂದುಕೊಂಡಿದ್ದ. ಅವಳು ಕೇಳಿಸಿಕೊಂಡಳು, ಅಷ್ಟೇ.

ಕೊನೆಗೆ ಅವನು ಇಷ್ಟು ದಿನ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ಹೇಳಿದ. "ಅಕ್ಕಾ, ಆ ಹಾಡು ನಂಗೂ ಹಿಡಿಸಿರ್ಲಿಲ್ಲ."

"ಗೊತ್ತಿತ್ತು ಕಣೋ" ಎಂದಳು ಸೂಜಕ್ಕ. "ಮೊದಲು ಹೊಳೆಯಾಚೆ ಧಿಂ ಅಂದಾಗಲೆಲ್ಲ ನೀನು ಮೂಲೇಲಿ ಮುದುಡ್ಕೊಳ್ತಿದ್ದದ್ದು ನಾನು ನೋಡಿಲ್ವಾ? ನಿಂಗೆ ನಿಜವಾಗ್ಲೂ ಹಿಡಿಸಿ ತೂಗಿದ್ರೆ ನಂಗೇನೂ ಬೇಜಾರಿರ್ಲಿಲ್ಲ. ಅವನವನ ಇಷ್ಟ ಅಂದ್ಕೋತಿದ್ದೆ. ಈ ಮಾತು ಅಲ್ಲಿ, ಅವರೆಲ್ಲರ ಮುಂದೆ, ಒಂದೇ ಒಂದು ಸಲ ಬೇಕಾಗಿತ್ತು. ಈಗ ಇಲ್ಲಿ ಹೇಳಿದ್ರೆ ಕೇಳೋರು ಯಾರಿದಾರೆ?"

ಅವಳು ಒಳಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಮುಳ್ಳುಗಳು ಒಂದೊಂದಾಗಿ ನಿಮಿರಿದವು. ಸುಬ್ಬರಾಯ ಸ್ವಲ್ಪ ಹೊತ್ತು ಅಲ್ಲೇ ಕಾದ. ಆಮೇಲೆ ಹಿಂದೆ ತಿರುಗಿ ತಿರುಗಿ ನೋಡುತ್ತಾ ಬಿಸಿಲಿನಲ್ಲಿ ಗುಡ್ಡ ಇಳಿದುಹೋದ.

ನೀತಿ: ಹಿಡಿಸುವುದು, ಹಿಡಿಸದಿರುವುದು ಅವರವರ ಇಷ್ಟ, ಅದರಲ್ಲಿ ತಪ್ಪಿಲ್ಲ. ಹಿಡಿಸದಿದ್ದರೂ ಹತ್ತು ಜನರ ಮುಂದೆ ತಲೆದೂಗಿ, ನಿಜ ಹೇಳಿದವರನ್ನು ಒಂಟಿ ಮಾಡುವುದು ತಪ್ಪು. ಆ ತಪ್ಪಿಗೆ ಆಮೇಲೆ ಕಿವಿಯಲ್ಲಿ ಹೇಳುವ ಸತ್ಯ ಪರಿಹಾರವಾಗುವುದಿಲ್ಲ.